ಪೆಂಗ್ವಿನ್‌ಗೂ ಕ್ಯಾಸನೂರಿಗೂ ಏನು ನಂಟು?

ಈ ಮರಿ ಉಣುಗು ನೋಡಿ, ಎಳ್ಳುಕಾಳಿನಷ್ಟೂ ಇಲ್ಲ. ಸೊರಬದ ಕಾಡಲ್ಲಿ ದರಗು ಗುಡಿಸುವಾಗ ಕಾಲಿಗೆ ಹತ್ತಿದರೆ ಗೊತ್ತೇ ಆಗಲ್ಲ.

1957. ಇದೇ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಊರವರಿಗೂ ಜ್ವರ. ಅದೇ ಮಂಗನ ಕಾಯಿಲೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಸಿಕ್ಕಿದ್ದು ಹೊಸ ವೈರಸ್, ಹರಡೋದು ಉಣುಗಿನಿಂದ. ಅದರ ದಾಯಾದಿ ಇದ್ದದ್ದು ದೂರದ ರಷ್ಯಾದಲ್ಲಿ! ಹಾಗಾದ್ರೆ ವಲಸೆ ಹಕ್ಕಿಗಳೇ ಉಣುಗು ಹೊತ್ತು ತಂದವಾ?

ಈ ಅನುಮಾನ ಪಕ್ಷಿತಜ್ಞ ಸಲೀಂ ಅಲಿಯವರ ತನಕ ಹೋಯ್ತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಸಾವಿರಾರು ಹಕ್ಕಿ ಹಿಡಿದರು. ಕಾಲಿಗೆ ಬಳೆ ತೊಡಿಸಿದರು, ರೆಕ್ಕೆಪುಕ್ಕ ಬಿಡಿಸಿ ಉಣುಗು ಹೆಕ್ಕಿದರು. ಹಕ್ಕಿಗಳ ಮೇಲಿನ ಆರೋಪ ಗಟ್ಟಿಯಾಗಲಿಲ್ಲ. ಆದರೆ ಅವುಗಳ ವಲಸೆ ದಾರಿಯ ಬಗ್ಗೆ ರಾಶಿ ಮಾಹಿತಿ ಸಿಕ್ತು. ಮಂಗನ ಕಾಯಿಲೆಯ ದೆಸೆಯಿಂದ!

ಇನ್ನು ಪೆಂಗ್ವಿನ್. ಆಸ್ಟ್ರೇಲಿಯಾಕ್ಕೂ ದಕ್ಷಿಣಕ್ಕಿರುವ ಮ್ಯಾಕ್ವಾರಿ ದ್ವೀಪದಲ್ಲಿ, ಪೆಂಗ್ವಿನ್ ನೆಲೆಗಳ ಉಣುಗಿನಲ್ಲಿ ಒಂದು ವೈರಸ್ ಸಿಕ್ಕಿದೆ. ಹೆಸರು ಗ್ಯಾಜೆಟ್ಸ್ ಗಲ್ಲಿ. ನಮ್ಮ ಕ್ಯಾಸನೂರು ವೈರಸ್ಸಿನ ಬಳಗದ್ದೇ! ಅಲ್ಲಿ ಕೊರೆಯೋ ಕಡಲಗಾಳಿ, ಇಲ್ಲಿ ಅಡಿಕೆ ತೋಟ. ಸವಾರಿ ಮಾತ್ರ ಎರಡೂ ಕಡೆ ಉಣುಗಿನ ಮೇಲೇ.

ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಸುತ್ತಲೂ ಉದುರುತ್ತವೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆಶಾ ಅಕ್ಕನಿಗೆ ಒಂದು ಫೋನ್ ಮಾಡಿ.