ಧಾರಣೆ ಬೇರೆ, ಮೌಲ್ಯ ಬೇರೆ

ಷೇರುಪೇಟೆಗಳ ನಿಯಂತ್ರಣ ಮಂಡಲಿಯಾದ ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಒಂದು ಅಧ್ಯಯನವು ನಮ್ಮ ಜನರಲ್ಲಿ ನಡೆಯಬೇಕಾದಷ್ಟು ಚರ್ಚೆಗೆ ವಿಷಯವಾಗದೆ ಹೋದುದು ವಿಷಾದದ ಸಂಗತಿಯಾಗಿದೆ. ಫ್ಯೂಚರ್ಸ್, ಆಪ್ಶನ್ಸ್ ಎಂಬ ಹೆಸರುಗಳಿಂದ ನಡೆಯುವ ವಾಯಿದೆ ವ್ಯಾಪಾರದಲ್ಲಿ 2021-22ರಿಂದ 2023-24ರ ವರೆಗಿನ ಮೂರು ವರ್ಷಗಳಲ್ಲಿ ಕೈಯಿಕ್ಕಿದ ಒಂದು ಕೋಟಿಗೂ ಮಿಕ್ಕಿದ ವ್ಯಕ್ತಿಗಳ ಪೈಕಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರೆಂದೂ, ಒಟ್ಟು ಹಾನಿಯು 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತೆಂದೂ ಅದು ತಿಳಿಸುತ್ತದೆ. ಹೀಗೆ ಹೋದ ಹಣವು ಯಾರ ಕೈ ಸೇರಿತು? 2023-24ರ ಒಂದೇ ವರ್ಷದಲ್ಲಿ ಸ್ವಂತ ಹಣದಿಂದ ವ್ಯಾಪಾರ ನಡೆಸುವ ದೊಡ್ಡ ಸಂಸ್ಥೆಗಳು ಸುಮಾರು 33 ಸಾವಿರ ಕೋಟಿಯನ್ನೂ, ವಿದೇಶೀ ಹೂಡಿಕೆ ಸಂಸ್ಥೆಗಳು ಸುಮಾರು 28 ಸಾವಿರ ಕೋಟಿಯನ್ನೂ ಗಳಿಸಿದವು. ಆ ಲಾಭದ ಬಹುಪಾಲು ಗಣಕಯಂತ್ರಗಳಿಗೆ ಮೊದಲೇ ಕಲಿಸಿಟ್ಟ ಸೂತ್ರಗಳಿಂದ ಬಂದುದು. ಕಚೇರಿಗೆ ಹೋಗುವ ಬಸ್ಸಿನಲ್ಲಿ ನಿಂತು ಫೋನಿನ ಮೇಲೆ ಬೆರಳೊತ್ತುವ ಗುಮಾಸ್ತನು, ತನ್ನ ಎದುರಾಳಿಯು ಇಂಥ ಯಂತ್ರವೆಂಬುದನ್ನು ಅರಿಯನು.

ದೇಶದ ಸಂಪತ್ತು ಹೊರಗೆ ಸೋರಿಹೋಗುತ್ತಿರುವುದೆಂದು ದಾದಾಭಾಯಿ ನವರೋಜಿಯವರು ಲೆಕ್ಕ ಹಾಕಿ ತೋರಿಸಿದ ಕಾಲವೊಂದಿದ್ದಿತು. ಅಂದಿನದು ಪರರಾಜ್ಯದ ಬಲಾತ್ಕಾರ. ಇಂದಿನದಕ್ಕೆ ಯಾರ ಬಲಾತ್ಕಾರವೂ ಬೇಕಾಗಿಲ್ಲ. ಹೋದುದೆಲ್ಲ ಪರದೇಶಕ್ಕೇ ಹೋಯಿತೆಂದು ನಾವು ಹೇಳುತ್ತಿಲ್ಲ. ಆದರೆ ಅಷ್ಟು ಹಣದಿಂದ ಒಂದು ಮಗ್ಗವಾಗಲಿ ಒಂದು ಬಾವಿಯಾಗಲಿ ಈ ನಾಡಿನಲ್ಲಿ ಹೆಚ್ಚಾಗಲಿಲ್ಲವೆಂಬುದಂತೂ ನಿಶ್ಚಯ. ಒಬ್ಬನು ಸೋತುದನ್ನು ಇನ್ನೊಬ್ಬನು ಗೆಲ್ಲುವುದೇ ವಾಯಿದೆ ವ್ಯಾಪಾರದ ಸ್ವರೂಪವಾಗಿರುವಾಗ ಬೇರೆ ಫಲವನ್ನು ನಿರೀಕ್ಷಿಸುವಂತೆಯೂ ಇಲ್ಲ.

ಹಾಗೆಂದು ಷೇರುಗಳ ಗೊಡವೆಯೇ ಬೇಡವೆನ್ನುವುದು ವಿವೇಕವಲ್ಲ. ಷೇರು ಎಂಬುದು ಒಂದು ಉದ್ಯಮದ ಪಾಲು. ಗಿರಣಿಯೋ ಬ್ಯಾಂಕೋ ನಿಜವಾಗಿ ದುಡಿದು ಗಳಿಸಿದ ಲಾಭದಲ್ಲಿ ಪಾಲುದಾರನಿಗೆ ಹಕ್ಕುಂಟು. ನಮ್ಮ ರೈತನು ಸಂತೆಯಲ್ಲಿ ಎಮ್ಮೆಯನ್ನು ಕೊಳ್ಳುವಾಗ ಹಲ್ಲು ನೋಡುತ್ತಾನೆ, ಕೆಚ್ಚಲು ನೋಡುತ್ತಾನೆ, ಸಾಧ್ಯವಾದರೆ ಎರಡು ಹೊತ್ತು ಹಾಲು ಕರೆಯಿಸಿ ನೋಡುತ್ತಾನೆ. ಮನೆಗೆ ತಂದ ಮೇಲೆ ಗಳಿಗೆಗೊಮ್ಮೆ ಸಂತೆಗೆ ಓಡಿ ಅದರ ಧಾರಣೆಯೆಷ್ಟಾಯಿತೆಂದು ವಿಚಾರಿಸುವುದಿಲ್ಲ. ಅದೇ ರೈತನ ಮಗನು ಪಟ್ಟಣದಲ್ಲಿ ಷೇರು ಕೊಳ್ಳುವಾಗ ಇದನ್ನೆಲ್ಲ ತಲೆಕೆಳಗು ಮಾಡುತ್ತಾನೆ. ತಂದೆಯ ಈ ಬುದ್ಧಿಯನ್ನೇ ಷೇರುಪೇಟೆಯಲ್ಲಿ ಒಂದು ಶಾಸ್ತ್ರವಾಗಿ ಬೆಳೆಯಿಸಿದ ಗೃಹಸ್ಥರು ಅಮೇರಿಕೆಯ ಬೆಂಜಮಿನ್ ಗ್ರಹಾಮರು.

ಗ್ರಹಾಮರು 1894ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ನ್ಯೂಯಾರ್ಕಿಗೆ ಬಂದವರು. 1903ರಲ್ಲಿ ತಂದೆ ತೀರಿಕೊಂಡರು. ಸಂಸಾರವನ್ನು ಸಾಗಿಸಲು ಹೆಣಗುತ್ತಿದ್ದ ತಾಯಿಯು ಸಾಲದ ಆಧಾರದ ಮೇಲೆ ಉಕ್ಕಿನ ಕಂಪನಿಯೊಂದರ ಕೆಲವು ಷೇರುಗಳನ್ನು ಕೊಂಡಿದ್ದರು. 1907ರ ಕುಸಿತದಲ್ಲಿ ಇದ್ದಬದ್ದುದೂ ಹೋಯಿತು. ಆ ಮನೆಯ ಹುಡುಗನೇ ಮುಂದೆ, 1914ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪದವೀಧರನಾಗಿ ವಾಲ್ ಸ್ಟ್ರೀಟಿನಲ್ಲಿ ಕೆಲಸಕ್ಕೆ ಸೇರಿದನು.

ಅವರ ಕಾರ್ಯರೀತಿಯನ್ನು ತಿಳಿಯಲು 1926ರ ಒಂದು ಪ್ರಸಂಗವೇ ಸಾಕು. ನಾರ್ದರ್ನ್ ಪೈಪ್‌ಲೈನ್ ಎಂಬ, ಎಣ್ಣೆಯನ್ನು ಕೊಳವೆಗಳಲ್ಲಿ ಸಾಗಿಸುವ ಸಣ್ಣ ಕಂಪನಿಯೊಂದಿತ್ತು. ಪೇಟೆಯಲ್ಲಿ ಅದರ ಷೇರಿನ ಧಾರಣೆ 65 ಡಾಲರು. ಇಂಥ ಕಂಪನಿಗಳು ವಾಶಿಂಗ್ಟನ್ನಿನ ಸರಕಾರಿ ಆಯೋಗವೊಂದಕ್ಕೆ ಸವಿಸ್ತಾರವಾದ ಲೆಕ್ಕಪತ್ರಗಳನ್ನು ಸಲ್ಲಿಸುತ್ತಿದ್ದವು. ಅವು ಯಾರು ಬೇಕಾದರೂ ನೋಡಬಹುದಾದ ಕಾಗದಗಳು, ಆದರೆ ಯಾರೂ ನೋಡುತ್ತಿರಲಿಲ್ಲ. ಗ್ರಹಾಮರು ರೈಲು ಹತ್ತಿ ಹೋಗಿ, ಆ ಕಡತಗಳನ್ನು ಬಿಚ್ಚಿಸಿ ಓದಿದರು. ಕೊಳವೆಗಳನ್ನೂ ಯಂತ್ರಗಳನ್ನೂ ಬದಿಗಿಟ್ಟು, ಕಂಪನಿಯ ಪೆಟ್ಟಿಗೆಯಲ್ಲಿದ್ದ ರೈಲ್ವೆ ಬಾಂಡು ಮೊದಲಾದುವುಗಳನ್ನಷ್ಟೇ ಎಣಿಸಿದರೂ ಷೇರೊಂದಕ್ಕೆ 95 ಡಾಲರು ಬರುತ್ತಿತ್ತು! ಎಂದರೆ, 95 ಡಾಲರು ನಗದಿದ್ದ ಚೀಲವನ್ನು ಪೇಟೆಯು 65ಕ್ಕೆ ಮಾರುತ್ತಿತ್ತು. ಅವರು ಷೇರುಗಳನ್ನು ಕೊಂಡು, ಹೆಚ್ಚಿನ ಹಣವನ್ನು ಪಾಲುದಾರರಿಗೆ ಹಂಚಿರೆಂದು ಆಡಳಿತದವರನ್ನು ಕೇಳಿದರು. ಅವರು ಒಪ್ಪಲಿಲ್ಲ. 1927ರ ವಾರ್ಷಿಕ ಸಭೆಗೆ ಇವರು ಒಬ್ಬರೇ ಹೋದಾಗ ಇವರ ಸೂಚನೆಗೆ ಅನುಮೋದಕರೇ ಸಿಗದೆ ಹೋದರು. ಮರುವರ್ಷ ಬಹು ಮಂದಿ ಪಾಲುದಾರರ ಮತಪತ್ರಗಳನ್ನು ಕೂಡಿಹಾಕಿಕೊಂಡು ಬಂದು, ಇಬ್ಬರು ನಿರ್ದೇಶಕರನ್ನು ಆರಿಸಿ ತಂದರು. ಕಡೆಗೆ ಕಂಪನಿಯು ಷೇರಿಗೆ 70 ಡಾಲರುಗಳನ್ನು ಹಂಚಬೇಕಾಯಿತು. ಇದರಲ್ಲಿ ಗುಟ್ಟಿನ ಸುದ್ದಿಯೇನೂ ಇಲ್ಲ. ಓದುವ ತಾಳ್ಮೆಯಿತ್ತು, ಎರಡು ವರ್ಷ ಕಾಯುವ ಛಲವಿತ್ತು.

ಇಷ್ಟು ಬುದ್ಧಿವಂತರೂ 1929ರಲ್ಲಿ ಮುಗ್ಗರಿಸಿದರೆಂಬುದೇ ಈ ಕಥೆಯಲ್ಲಿ ನಮಗೆ ಬಹು ಮುಖ್ಯವಾದ ಭಾಗ. ಆ ವರ್ಷದ ಸೆಪ್ಟೆಂಬರಿನಲ್ಲಿ 381ಕ್ಕೆ ಏರಿದ್ದ ನ್ಯೂಯಾರ್ಕಿನ ಡೌ ಸೂಚ್ಯಂಕವು 1932ರ ಜುಲೈ ಹೊತ್ತಿಗೆ 41ಕ್ಕೆ ಇಳಿಯಿತು. ಮೊದಲಿನ ಮಟ್ಟವನ್ನು ಮತ್ತೆ ಕಾಣಲು ಅದಕ್ಕೆ 1954ರ ವರೆಗೆ ಬೇಕಾಯಿತು. ತಾಯಿಯ ಅನುಭವವನ್ನು ಮರೆತವರಂತೆ ಗ್ರಹಾಮರೂ ಸಾಲದ ಹಣವನ್ನು ಬಳಸಿದ್ದರು. ಅವರ ಕೈಯಲ್ಲಿದ್ದ 25 ಲಕ್ಷ ಡಾಲರಿನ ನಿಧಿಯು 1932ರ ಕೊನೆಗೆ ನೂರಕ್ಕೆ 70ರಷ್ಟು ಕರಗಿತ್ತು. ಅವರು ಓಡಿಹೋಗಲಿಲ್ಲ. ವರ್ಷಗಟ್ಟಲೆ ಪ್ರತಿಫಲವಿಲ್ಲದೆ ದುಡಿದು ಆ ನಷ್ಟವನ್ನು ತುಂಬಿದರು.

ಡೇವಿಡ್ ಡಾಡ್ ಎಂಬವರೊಡನೆ 1934ರಲ್ಲಿ ಬರೆದ ‘ಸೆಕ್ಯುರಿಟಿ ಅನಾಲಿಸಿಸ್’, ಸಾಮಾನ್ಯ ಜನರಿಗಾಗಿ 1949ರಲ್ಲಿ ಬರೆದ ‘ದಿ ಇಂಟೆಲಿಜೆಂಟ್ ಇನ್ವೆಸ್ಟರ್’, ಇವೆರಡೂ ಆ ಸುಟ್ಟಗಾಯದ ತರುವಾಯ ಹುಟ್ಟಿದ ಗ್ರಂಥಗಳು. ಪೇಟೆಯನ್ನು ಅವರು ಒಬ್ಬ ವಿಚಿತ್ರ ಸ್ವಭಾವದ ಪಾಲುದಾರನಂತೆ ಚಿತ್ರಿಸಿದರು. ಅವನನ್ನು ನಮ್ಮ ಮಾತಿನಲ್ಲಿ ಪೇಟೆರಾಯನೆಂದು ಕರೆಯೋಣ. ಈ ಪೇಟೆರಾಯನು ದಿನವೂ ಮನೆ ಬಾಗಿಲಿಗೆ ಬಂದು ‘ನನ್ನ ಪಾಲನ್ನು ಕೊಳ್ಳು, ಇಲ್ಲವೆ ನಿನ್ನ ಪಾಲನ್ನು ಮಾರು’ ಎಂದು ಒಂದು ಬೆಲೆ ಹೇಳುತ್ತಾನೆ. ಕೆಲವು ದಿನ ಉಬ್ಬಿ ಆಕಾಶದ ಬೆಲೆ, ಕೆಲವು ದಿನ ಕುಗ್ಗಿ ಪಾತಾಳದ ಬೆಲೆ. ಅವನ ಮಾತಿಗೆ ಉತ್ತರ ಕೊಡಲೇಬೇಕೆಂಬ ನಿರ್ಬಂಧವಿಲ್ಲ. ಬಾಗಿಲು ಮುಚ್ಚಿದರೂ ಅವನಿಗೆ ಸಿಟ್ಟಿಲ್ಲ, ನಾಳೆ ತಪ್ಪದೆ ಬರುತ್ತಾನೆ. ಧಾರಣೆಯನ್ನು ಹೇಳುವುದಷ್ಟೇ ಅವನ ಕೆಲಸ. ಮೌಲ್ಯವನ್ನು ಲೆಕ್ಕಪತ್ರದಿಂದ ನಾವೇ ಕಂಡುಕೊಳ್ಳತಕ್ಕದ್ದು. ಆ ನಮ್ಮ ಲೆಕ್ಕವೂ ತಪ್ಪಬಹುದಾದುದರಿಂದ ನೂರರ ವಸ್ತುವನ್ನು ಅರುವತ್ತಕ್ಕೋ ಎಪ್ಪತ್ತಕ್ಕೋ ದೊರೆತಾಗ ಮಾತ್ರ ಕೊಳ್ಳಬೇಕು. ನಡುವಣ ಅಂತರವೇ ನಮ್ಮ ಅಜ್ಞಾನಕ್ಕೆ ರಕ್ಷೆ.

ಗ್ರಹಾಮರ ಶಿಷ್ಯರಲ್ಲಿ ಜಗತ್ತೆಲ್ಲ ಬಲ್ಲವರು ವಾರೆನ್ ಬಫೆಟ್ಟರು. 1942ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, 38 ಡಾಲರಿಗೆ ಕೊಂಡ ತಮ್ಮ ಮೊದಲನೆಯ ಷೇರು 27ಕ್ಕೆ ಇಳಿದು, ಮತ್ತೆ 40ಕ್ಕೆ ಏರಿದೊಡನೆ ಮಾರಿಬಿಟ್ಟರು. ಅದು ಮುಂದೆ 200ನ್ನು ದಾಟಿತು. ಅವರ ಹೆಸರಿನೊಡನೆ ಅಂಟಿಕೊಂಡಿರುವ ಬರ್ಕ್‌ಶೈರ್ ಕಂಪನಿಯು ಮೊದಲು ಮುಳುಗುತ್ತಿದ್ದ ಬಟ್ಟೆಯ ಗಿರಣಿ. ಮಾತು ಕೊಟ್ಟ ಬೆಲೆಗಿಂತ ಡಾಲರಿನ ಎಂಟನೆಯ ಒಂದಂಶ ಕಡಿಮೆ ಕೊಡಲು ಬಂದ ಅದರ ಮುಖ್ಯಸ್ಥನ ಮೇಲಿನ ಕೋಪದಿಂದ 1965ರಲ್ಲಿ ಕಂಪನಿಯನ್ನೇ ವಶಪಡಿಸಿಕೊಂಡು, ಅದು ತಮ್ಮ ತಪ್ಪೆಂದು ಅವರೇ ಪದೇ ಪದೇ ಹೇಳಿದ್ದಾರೆ. ಗಿರಣಿಯು 1985ರಲ್ಲಿ ಮುಚ್ಚಿತು. ಆದರೂ 1965ರಿಂದ 2024ರ ವರೆಗಿನ ಅರುವತ್ತು ವರ್ಷಗಳಲ್ಲಿ ಬರ್ಕ್‌ಶೈರ್ ಷೇರು ವರ್ಷಕ್ಕೆ ಸರಾಸರಿ ನೂರಕ್ಕೆ 19.9ರಂತೆ ಬೆಳೆಯಿತು, ಅಮೇರಿಕೆಯ ಐನೂರು ಕಂಪನಿಗಳ ಸೂಚ್ಯಂಕದ ಬೆಳವಣಿಗೆ 10.4. ಈ ಅವಧಿಯಲ್ಲಿಯೇ ಆ ಷೇರಿನ ಧಾರಣೆಯು 1973-75, 1998-2000, 2008-09 ಹೀಗೆ ಮೂರು ಸಲ ಸುಮಾರು ಅರ್ಧಕ್ಕೆ ಬಿದ್ದಿತ್ತೆಂಬುದನ್ನು ಬಫೆಟ್ಟರ ಭಜನೆ ಮಾಡುವವರು ಹೇಳುವುದಿಲ್ಲ. ಸಾಲ ಮಾಡಿ ಕೊಂಡವನು ಇವುಗಳಲ್ಲಿ ಮೊದಲನೆಯದರಲ್ಲಿಯೇ ಮುಗಿದುಹೋಗಿರುತ್ತಿದ್ದನು.

ಈಗ ಸಾಮಾನ್ಯ ಗೃಹಸ್ಥನ ವಿಚಾರ. ಶಾಲೆಯ ಉಪಾಧ್ಯಾಯರೋ ಅಂಗಡಿಕಾರರೋ ಹಗಲೆಲ್ಲ ದುಡಿದು ಬಂದು ರಾತ್ರಿ ಕಂಪನಿಗಳ ಲೆಕ್ಕಪತ್ರಗಳನ್ನು ಅಗೆಯುವುದು ಆಗುವ ಮಾತಲ್ಲ. ಬಫೆಟ್ಟರಂತೆ ಆರಿಸಿರೆಂದು ಅವರಿಗೆ ಬೋಧಿಸುವುದು, ತ್ಯಾಗರಾಜರ ಕೀರ್ತನೆಯನ್ನು ಕೇಳಿದ ಮಾತ್ರಕ್ಕೆ ಕಚೇರಿ ಮಾಡಿರೆಂದಂತೆ. ಈ ಮಾತನ್ನು ಬಫೆಟ್ಟರೇ ಒಪ್ಪುತ್ತಾರೆ. ಪರಿಣತರು ನಡೆಸುವ ದುಬಾರಿ ನಿಧಿಗಳನ್ನು, ಎಲ್ಲ ಕಂಪನಿಗಳನ್ನೂ ಅವುಗಳ ಗಾತ್ರಕ್ಕೆ ತಕ್ಕಂತೆ ಕೊಂಡು ಸುಮ್ಮನಿರುವ ಒಂದು ಅಗ್ಗದ ಸೂಚ್ಯಂಕ ನಿಧಿಯು ಹತ್ತು ವರ್ಷಗಳಲ್ಲಿ ಮೀರಿಸುವುದೆಂದು ಅವರು ಪಣ ಕಟ್ಟಿದರು. ಒಂದು ಸಂಸ್ಥೆಯು ಆ ಪಣವನ್ನು ಸ್ವೀಕರಿಸಿ ಐದು ನಿಧಿಗಳನ್ನು ಆರಿಸಿತು. 2008ರಿಂದ 2017ರ ವರೆಗೆ ಸೂಚ್ಯಂಕ ನಿಧಿಯು ನೂರಕ್ಕೆ 125.8ರಷ್ಟು ಬೆಳೆಯಿತು. ಐದರಲ್ಲಿ ಅತ್ಯುತ್ತಮವಾದುದು 87.7ರಲ್ಲಿ ನಿಂತಿತು, ಅತಿ ಕನಿಷ್ಠವಾದುದು 2.8ರಲ್ಲಿ. ತಮ್ಮ ಮರಣಾನಂತರ ಹೆಂಡತಿಗಾಗಿ ಇಡುವ ಹಣದಲ್ಲಿ ನೂರಕ್ಕೆ 90ನ್ನು ಇಂಥ ನಿಧಿಯಲ್ಲಿಯೂ 10ನ್ನು ಅಲ್ಪಾವಧಿಯ ಸರಕಾರಿ ಸಾಲಪತ್ರಗಳಲ್ಲಿಯೂ ಹಾಕಬೇಕೆಂದು ಅವರು ವಿಧಿಸಿರುವುದಾಗಿ ತಿಳಿಸಿದ್ದಾರೆ.

ಸೋಲಿಗೆ ಪರಿಣತರ ದಡ್ಡತನವೇ ಕಾರಣವಲ್ಲ. ಅವರ ಕೂಲಿಯದೂ ದೊಡ್ಡ ಪಾಲು. ಒಂದು ಲಕ್ಷ ರೂಪಾಯಿ ವರ್ಷಕ್ಕೆ ನೂರಕ್ಕೆ 10ರಂತೆ ಬೆಳೆದರೆ ಮೂವತ್ತು ವರ್ಷಕ್ಕೆ 17 ಲಕ್ಷ 45 ಸಾವಿರವಾಗುತ್ತದೆ. ಅದರಲ್ಲಿ ನಡುವಿನವರು ವರ್ಷಕ್ಕೆ ಬರಿಯ 2ನ್ನು ತೆಗೆದುಕೊಂಡರೆ ಉಳಿಯುವುದು 10 ಲಕ್ಷ 6 ಸಾವಿರ ಮಾತ್ರ! ನಮ್ಮಲ್ಲಿ 2013ರ ಜನವರಿಯಿಂದ ಮ್ಯೂಚುವಲ್ ಫಂಡುಗಳು ದಲ್ಲಾಳಿಯ ದಸ್ತೂರಿಯಿಲ್ಲದ ನೇರ ಯೋಜನೆಗಳನ್ನು ಕೊಡಲೇಬೇಕೆಂಬ ನಿಯಮವಿದೆ. ಮನೆಗೆ ಬಂದು ಕಾಫಿ ಕುಡಿದು ಹೋಗುವ ಏಜೆಂಟರು ಇದನ್ನು ತಾವಾಗಿ ಹೇಳುವುದು ಅಪರೂಪ. ಸೂಚ್ಯಂಕ ನಿಧಿಯೂ 1929ರಂತಹ ಕಾಲಕ್ಕೆ ಹೊರತಲ್ಲ. ಬರುವ ವರ್ಷ ಮಗಳ ಮದುವೆಗೋ ಮಗನ ಕಾಲೇಜಿಗೋ ಬೇಕಾದ ಹಣಕ್ಕೆ ಅಂಚೆ ಕಚೇರಿಯೇ ಲೇಸು.

‘1993ರಲ್ಲಿ ಇನ್ಫೋಸಿಸ್ ಷೇರನ್ನು ಕೊಂಡಿದ್ದರೆ!’ ಎಂಬ ನಿಟ್ಟುಸಿರು ಬೆಂಗಳೂರಿನಲ್ಲಿ ಕೇಳದ ಮನೆಯಿಲ್ಲ. 95 ರೂಪಾಯಿಗೆ ಬಂದ ಆ ಷೇರುಗಳನ್ನು ಅಂದು ಸಾರ್ವಜನಿಕರು ಪೂರ್ತಿಯಾಗಿ ಕೊಳ್ಳಲಿಲ್ಲ. ಉಳಿದುದನ್ನು ವಿದೇಶೀ ಸಂಸ್ಥೆಯೊಂದು ಕೊಂಡಿತು. ಆದರೆ ಅದೇ ದಶಕದಲ್ಲಿ ಜನರಿಂದ ಹಣ ಕೂಡಿಸಿ ಮಾಯವಾದ ಕಂಪನಿಗಳು ಇನ್ನೂರಕ್ಕೂ ಮಿಕ್ಕಿದ್ದವೆಂದು ಸರಕಾರವೇ ಪಟ್ಟಿ ಮಾಡಿತು. ಅವುಗಳನ್ನು ಕೊಂಡವರ ನಿಟ್ಟುಸಿರು ಯಾರ ಕಿವಿಗೂ ಬೀಳುವುದಿಲ್ಲ.

ಸೆಬಿಯ ಅಧ್ಯಯನದಲ್ಲಿ ಇನ್ನೂ ಎರಡು ಅಂಕೆಗಳಿವೆ. 2023-24ರಲ್ಲಿ ವಾಯಿದೆ ವ್ಯಾಪಾರ ಮಾಡಿದವರಲ್ಲಿ ಮೂವತ್ತು ತುಂಬದವರು ನೂರಕ್ಕೆ 43. ಮತ್ತು ಹಾನಿ ಹೊಂದಿದವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಮೇಲಿಂದ ಮೇಲೆ ಸೋತರೂ ಆಟವನ್ನು ಬಿಡಲಿಲ್ಲ. 2024ರ ಕೊನೆಯ ಭಾಗದಲ್ಲಿ ಮಂಡಲಿಯು ವ್ಯಾಪಾರದ ಕನಿಷ್ಠ ಗಾತ್ರವನ್ನು ಏರಿಸಿತು, ವಾರವಾರದ ವಾಯಿದೆಗಳನ್ನು ಮೊಟಕುಗೊಳಿಸಿತು. 2025ರ ಜುಲೈಯಲ್ಲಿ ಅದು ಮತ್ತೆ ಲೆಕ್ಕ ತೆಗೆದಾಗ 2024-25ರಲ್ಲಿ ವ್ಯಕ್ತಿಗಳು ಕಳೆದುಕೊಂಡ ಹಣವು ಒಂದೇ ವರ್ಷಕ್ಕೆ 1.05 ಲಕ್ಷ ಕೋಟಿ ರೂಪಾಯಿಗಳನ್ನು ಮುಟ್ಟಿತ್ತು. ಹಿಂದಿನ ವರ್ಷಕ್ಕಿಂತ ನೂರಕ್ಕೆ 41ರಷ್ಟು ಹೆಚ್ಚು.