ಎದೆಯ ಮೂಳೆ ಕೂಡಲು ಮೂರು ತಿಂಗಳು

ಕಾಲಿನ ಮೂಳೆ ಮುರಿದರೆ ಏನು ಮಾಡುತ್ತೇವೆ? ಪಟ್ಟಿ ಹಾಕಿಸುತ್ತೇವೆ. ಮೂಳೆ ಕೂಡುವ ತನಕ ಕಾಲಿನ ಮೇಲೆ ಭಾರ ಬಿಡುವುದಿಲ್ಲ. ಇದು ಎಲ್ಲರಿಗೂ ಗೊತ್ತು.

ಎದೆಯ ನಡುವೆಯೂ ಒಂದು ಮೂಳೆ ಇದೆ. ಕತ್ತಿನ ಗುಳಿಯಿಂದ ಕೆಳಕ್ಕೆ ಕೈಯಾಡಿಸಿ ನೋಡಿ. ಗಟ್ಟಿಯಾಗಿ ಸಿಗುತ್ತದೆ. ಹೃದಯದ ದೊಡ್ಡ ಆಪರೇಷನ್ ಮಾಡುವಾಗ ಡಾಕ್ಟರು ಸಾಮಾನ್ಯವಾಗಿ ಈ ಮೂಳೆಯನ್ನು ಉದ್ದಕ್ಕೆ ಸೀಳುತ್ತಾರೆ. ಕೆಲಸ ಮುಗಿದ ಮೇಲೆ ಎರಡು ಹೋಳನ್ನೂ ಜೋಡಿಸಿ ಉಕ್ಕಿನ ತಂತಿಯಿಂದ ಬಿಗಿಯುತ್ತಾರೆ. ಆ ತಂತಿ ಒಳಗೇ ಇರುತ್ತದೆ. ಅದರಿಂದ ತೊಂದರೆ ಇಲ್ಲ.

ನಮ್ಮ ಉಮ್ಮತ್ತೂರಿನ ಕಡೆಯವರಿಗೆ ಈ ಆಪರೇಷನ್‌ಗೆ ಮೈಸೂರೇ ಹತ್ತಿರ. ಅಲ್ಲಿ ಕೆ.ಆರ್.ಎಸ್. ರಸ್ತೆಯಲ್ಲಿ ಸರ್ಕಾರದ ಜಯದೇವ ಆಸ್ಪತ್ರೆ ಇದೆ. ಎಲ್ಲ ಸರಿಯಾಗಿದ್ದರೆ ವಾರ ಹತ್ತು ದಿನಕ್ಕೆ ಮನೆಗೆ ಕಳಿಸುತ್ತಾರೆ. ಅಲ್ಲಿಂದ ಮುಂದಿನದು ಮನೆಯವರ ಕೈಲಿದೆ.

ಹೊರಗಿನ ಗಾಯ ಎರಡು ಮೂರು ವಾರಕ್ಕೆ ಒಣಗುತ್ತದೆ. ನೋವೂ ಇಳಿಯುತ್ತದೆ. ‘ನಂಗೇನಾಗಿದೆ, ಚೆನ್ನಾಗೇ ಇದೀನಲ್ಲ’ ಅಂತ ಹೊಲದ ಕಡೆ ಹೊರಡುವ ಮನಸ್ಸಾಗುತ್ತದೆ. ಆದರೆ ಒಳಗಿನ ಮೂಳೆ ಇನ್ನೂ ಹಸಿ. ಅದು ಕೂಡಲು 6ರಿಂದ 8 ವಾರ ಬೇಕು. ಪೂರಾ ಗಟ್ಟಿಯಾಗಲು ಸುಮಾರು 3 ತಿಂಗಳು. ಸಕ್ಕರೆ ಕಾಯಿಲೆ ಇದ್ದವರಿಗೆ, ಬೀಡಿ ಸೇದುವವರಿಗೆ ಇನ್ನೂ ನಿಧಾನ.

ಅಲ್ಲಿಯವರೆಗೆ ಎರಡು ಮೂರು ಕೆ.ಜಿ.ಗಿಂತ ಹೆಚ್ಚು ಎತ್ತಬಾರದು. ತುಂಬಿದ ಬಿಂದಿಗೆ ಹತ್ತು ಕೆ.ಜಿ. ದಾಟುತ್ತದೆ. ಸೊಪ್ಪಿನ ಹೊರೆ, ಹಾಲಿನ ಕ್ಯಾನು, ಮೊಮ್ಮಗು ಯಾವುದೂ ಬೇಡ. ಗುದ್ದಲಿ ಹಿಡಿಯುವುದು, ಬೈಕ್ ಓಡಿಸುವುದು, ಮುದ್ದೆ ತೊಳಸುವುದು ಕೂಡ ಬೇಡ. ಮುದ್ದೆ ತೊಳಸುವಾಗ ಬಲ ಬೀಳುವುದು ಎದೆಯ ಮೇಲೇ ತಾನೆ?

ಹೆಂಗಸರಿಗೆ ಆಪರೇಷನ್ ಆದರೆ ಇದೇ ದೊಡ್ಡ ಕಷ್ಟ. ಮನೆಗೆ ಬಂದ ಎಂಟು ದಿನಕ್ಕೇ ಒಲೆ ಮುಂದೆ ಕೂರಿಸುತ್ತಾರೆ. ಇದು ನ್ಯಾಯವಲ್ಲ. ಮೂರು ತಿಂಗಳು ಗಂಡ, ಮಗ ಬಿಂದಿಗೆ ಹೊತ್ತರೆ ಮಾನವೇನೂ ಹೋಗುವುದಿಲ್ಲ.

ಮಲಗಲು ಚಾಪೆಗಿಂತ ಮಂಚ ವಾಸಿ. ಏಳುವಾಗ ಕೈಯೂರಬೇಡಿ. ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಡಿ. ಮನೆಯವರು ಬೆನ್ನಿಗೆ ಕೈ ಕೊಡಲಿ. ತೋಳು ಹಿಡಿದು ಎಳೆಯಬಾರದು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಿ. ಕೆಮ್ಮನ್ನು ತಡೆಯಬೇಡಿ, ಕಫ ಹೊರಗೆ ಬರಬೇಕು. ಮೂರು ಚೆಂಡಿನ ಉಸಿರಾಟದ ಡಬ್ಬಿ ಕೊಟ್ಟಿದ್ದರೆ ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ. ಡಾಕ್ಟರು ಹೇಳಿದಷ್ಟು ಸಲ ನೀವೇ ಎಳೆಯಿರಿ.

ಹಾಗಂತ ಮಲಗೇ ಇರಬಾರದು. ದಿನಾ ನಡೆಯಬೇಕು. ಮೊದಲು ಜಗಲಿಯವರೆಗೆ, ಆಮೇಲೆ ಬೀದಿಯ ಕೊನೆಯವರೆಗೆ, ಆಮೇಲೆ ಉರುಕಾತೇಶ್ವರಿ ಗುಡಿಯವರೆಗೆ. ಏದುಸಿರು ಬಂದರೆ ನಿಲ್ಲಿ. ಕೆಲವರಿಗೆ ನಿದ್ದೆ ಬರುವುದಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ. ಇದು ಗಾಳಿ ಸೋಕಿದ್ದಲ್ಲ. ದೊಡ್ಡ ಆಪರೇಷನ್ ಆದವರಿಗೆ ಹೀಗಾಗುವುದುಂಟು. ಜೊತೆಗೆ ಕೂತು ಮಾತಾಡಿಸಿ. ಕಡಿಮೆಯಾಗದಿದ್ದರೆ ಡಾಕ್ಟರಿಗೆ ಹೇಳಿ.

ಅರಿಸಿನ ನಮ್ಮ ಸೀಮೆಯ ಬೆಳೆ. ಸಾರಿಗೆ ಹಾಕಿ, ಗಾಯಕ್ಕೆ ಬೇಡ. ಎಣ್ಣೆ, ಬೂದಿಯೂ ಬೇಡ. ಗಾಯವನ್ನು ಶುಚಿಯಾಗಿ, ಒಣಗಿಸಿ ಇಟ್ಟರೆ ಸಾಕು.

ಮಾತ್ರೆ ಚೀಟಿಯಲ್ಲಿ 1–0–1 ಅಂತ ಬರೆದಿರುತ್ತದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಅಂತ ಅರ್ಥ. ನೀವೇ ಓದಿ ನೋಡಿ. ಚೆನ್ನಾಗಾಯ್ತು ಅಂತ ಮಾತ್ರೆ ನಿಲ್ಲಿಸಬೇಡಿ. ಹೃದಯದ ಕವಾಟ ಬದಲಾಯಿಸಿದ್ದರೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಟ್ಟಿರುತ್ತಾರೆ. ಅದಕ್ಕೆ ಆಗಾಗ ರಕ್ತಪರೀಕ್ಷೆ ಮಾಡಿಸಲೇಬೇಕು.

ಗಾಯ ಕೆಂಪಾದರೆ, ಕೀವು ಬಂದರೆ, ಜ್ವರ 100 ಡಿಗ್ರಿ ದಾಟಿದರೆ, ಎದೆಮೂಳೆ ಟಕ್ ಟಕ್ ಅಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಎದೆ ಹಿಂಡಿದಂತೆ ನೋವು ಬಂದರೆ, ಮಲಗಿದಾಗ ಉಸಿರು ಕಟ್ಟಿದರೆ ಬೆಳಗಿನ ಬಸ್ಸಿಗೆ ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯ ಚೀಟಿ ಜೊತೆಯಲ್ಲಿರಲಿ.