ಚಹಾತೋಟವಿಲ್ಲದ ಬೆಟ್ಟದೂರು: ಕಡಿಮೆ ಖರ್ಚಿನ ಚಾರಣಕ್ಕೆ ಆದೋನಿ

ಚಾರಣ, ಅಂದರೆ ಬೆನ್ನಿಗೊಂದು ಚೀಲ ಹಾಕಿಕೊಂಡು ಬೆಟ್ಟಗಾಡಿನಲ್ಲಿ ಕಾಲ್ನಡಿಗೆಯಿಂದ ಅಲೆಯುವ ಪ್ರವಾಸ, ಕನ್ನಡಿಗರ ಕಲ್ಪನೆಯಲ್ಲಿ ಬಹುಮಟ್ಟಿಗೆ ಮಂಜು ಮುಸುಕಿದ ಮಲೆನಾಡಿಗೆ, ಕೊಟ್ಟಿಗೆಹಾರದ ಬಳಿಯ ಕೆಳಗೂರು, ಸಕಲೇಶಪುರ ಸೀಮೆಯ ಕಡಮನೆ, ನೀಲಗಿರಿಯ ಕೂನೂರುಗಳ ಚಹಾತೋಟಗಳಿಗೆ ಅಂಟಿಕೊಂಡಿದೆ. ಆ ತೋಟಗಳ ಚೆಲುವನ್ನು ಯಾರೂ ಅಲ್ಲಗಳೆಯಲಾರರು. ಆದರೆ ರಜಾದಿನಗಳಲ್ಲಿ ಅಲ್ಲಿನ ವಸತಿ, ಜೀಪು, ಊಟಗಳ ವೆಚ್ಚ ವಿದ್ಯಾರ್ಥಿಗಳ ಹಾಗೂ ಸಣ್ಣ ಸಂಬಳದವರ ಕೈಗೆ ಎಟುಕದಷ್ಟು ಏರಿರುವುದರಿಂದ, ಬೆಟ್ಟ ಹತ್ತುವ ಹಂಬಲವಿದ್ದೂ ಹಣವಿಲ್ಲದವರು ಬೇರೆ ದಿಕ್ಕಿಗೆ ನೋಡಬೇಕಾಗಿದೆ. ಅಂಥವರಿಗೆ ಬಳ್ಳಾರಿಯ ಮೂಡಣ ಮಗ್ಗುಲಲ್ಲಿ, ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಅಂಚಿನಲ್ಲಿರುವ ಆದೋನಿ, ಹಳೆಯ ಬರಹಗಳ ಆದವಾನಿ, ಮೊದಲು ನೆನಪಾಗಬೇಕಾದ ಊರು.

ಇಲ್ಲಿ ಚಹಾ ಬೆಳೆಯುವುದಿಲ್ಲ, ಬೆಳೆಯಲು ಸಾಧ್ಯವೂ ಇಲ್ಲ. ಚಹಾಗಿಡಕ್ಕೆ ವರ್ಷದ ಬಹುಭಾಗ ಹಂಚಿ ಸುರಿಯುವ ಧಾರಾಳ ಮಳೆ, ನೀರು ನಿಲ್ಲದ ಇಳಿಜಾರು ಮತ್ತು ಹುಳಿ ಗುಣದ, ಅಂದರೆ ಆಮ್ಲೀಯವಾದ, ಮಣ್ಣು ಬೇಕು. ಆದೋನಿ ಸೀಮೆಗೆ ದಕ್ಕುವುದು ಮಲೆನಾಡಿನ ಮಳೆಯ ಮೂರನೆಯ ಒಂದು ಪಾಲಿಗೂ ಕಡಿಮೆ, ಅದೂ ಬಹುತೇಕ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ, ಮತ್ತು ಬಯಲಿನ ಮಣ್ಣು ಕ್ಷಾರದ ಕಡೆಗೆ ವಾಲಿದ ಎರೆಭೂಮಿ. ಹಸಿರು ಇಳಿಜಾರುಗಳ ಬದಲಿಗೆ ಇಲ್ಲಿ ಕಣ್ಣು ತುಂಬುವುದು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟು ಶಿಲೆ. ಬಂಡೆಯಲ್ಲಿ ಅಡ್ಡಡ್ಡ, ಉದ್ದುದ್ದ ಬಿರಿದ ಸೀಳುಗಳ ಮೂಲಕ ನೀರು ಇಳಿದು, ಮೂಲೆಗಳು ಮೊದಲು ಸವೆದು, ಮೃದುವಾದ ಭಾಗ ಕೊಚ್ಚಿಹೋಗಿ, ಗಟ್ಟಿಯಾದ ತಿರುಳು ಗುಂಡುಗಳಾಗಿ ಒಂದರ ಮೇಲೊಂದು ನಿಂತಿರುವ ಈ ರಚನೆ ಹಂಪಿಯನ್ನು ಕಂಡವರಿಗೆ ಹೊಸದಲ್ಲ. ಹಂಪಿಗೆ ಬರುವ ಜನದಲ್ಲಿ ನೂರಕ್ಕೊಬ್ಬರೂ ಇಲ್ಲಿಗೆ ಬರುವುದಿಲ್ಲವೆಂಬುದೇ ವ್ಯತ್ಯಾಸ.

ಹೋಗುವ ದಾರಿ ಸುಲಭ. ಮದ್ರಾಸಿನಿಂದ ಹೊರಟ ರೈಲುಹಾದಿ ಮುಂಬಯಿ ಕಡೆಯಿಂದ ಬಂದ ಹಾದಿಯನ್ನು ರಾಯಚೂರಿನಲ್ಲಿ ಕೂಡಿಕೊಂಡ 1871ರಿಂದಲೂ ಆದೋನಿ ಆ ಮುಖ್ಯ ಮಾರ್ಗದ ಮೇಲಿದೆ. ರಾಯಚೂರಿನಿಂದಾಗಲಿ ಗುಂತಕಲ್ಲಿನಿಂದಾಗಲಿ ಕಾಯ್ದಿರಿಸದ ಬೋಗಿಯ ಟಿಕೆಟ್ಟಿನ ಬೆಲೆ ಒಂದು ಸಾಧಾರಣ ಊಟದ ಬೆಲೆಯನ್ನು ಮೀರುವುದಿಲ್ಲ, ಬಳ್ಳಾರಿಯಿಂದ ಆಲೂರಿನ ಮೇಲೆ ಬರುವವರಿಗೆ ಬಸ್ಸುಗಳಿವೆ. ನಿಲ್ದಾಣದ ಸುತ್ತಲಿನ ಸಾದಾ ಲಾಡ್ಜುಗಳಲ್ಲಿ ಇಳಿದುಕೊಳ್ಳಬಹುದು. ಬೆಳಗಿನ ಉಪಾಹಾರಕ್ಕೆ ಇಲ್ಲಿ ಉಗ್ಗಾಣಿ, ಅಂದರೆ ನೆನೆಸಿ ಹಿಂಡಿದ ಮಂಡಕ್ಕಿಗೆ ಹುರಿಗಡಲೆ ಪುಡಿ ಬೆರೆಸಿ ಹಾಕಿದ ಒಗ್ಗರಣೆ, ಜೊತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ ದೊರೆಯುತ್ತದೆ. ಬಳ್ಳಾರಿ, ದಾವಣಗೆರೆಗಳವರಿಗೆ ಇದು ಮನೆಯ ರುಚಿಯೇ.

ಊರಿನ ಬೆನ್ನಿಗೆ ಏರುಪೇರಾದ ವರ್ತುಲದಂತೆ ನಿಂತಿರುವ ಬೆಟ್ಟಗಳ ನೆತ್ತಿಗಳನ್ನು ಸೇರಿಸಿ ಕೋಟೆ ಕಟ್ಟಲಾಗಿದ್ದು, ಅವುಗಳಲ್ಲಿ ಎತ್ತರವಾದ ಬಾರಾಕಿಲ್ಲಾ ಮತ್ತು ತಾಳಿಬಂಡೆಗಳು ಬಯಲಿನಿಂದ ಸುಮಾರು 800 ಅಡಿ ಮೇಲೆದ್ದಿವೆ. ಅಂಕಿಯಲ್ಲಿ ಇದು ಸಣ್ಣದೆನಿಸಿದರೂ ನೆರಳಿಲ್ಲದ ಬಂಡೆಯ ಮೇಲೆ ಬಿಸಿಲಿನಲ್ಲಿ ಏರುವವರಿಗೆ ಸಣ್ಣದಾಗಿ ಕಾಣುವುದಿಲ್ಲ. ಹೊಸಬರಿಗೆ ಉತ್ತಮ ಆರಂಭವೆಂದರೆ ರಣಮಂಡಲ ಆಂಜನೇಯನ ಗುಡಿಗೆ ಹೋಗುವ ಮೆಟ್ಟಿಲುದಾರಿ. ಶನಿವಾರ ನಸುಕಿನಲ್ಲಿ ಈ ದಾರಿಯಲ್ಲಿ ಭಕ್ತರ ಸಾಲು ಹರಿಯುವುದರಿಂದ ದಾರಿ ತಪ್ಪುವ ಭಯವಿಲ್ಲ, ಕೆಳಗೆ ರಾಮಜಲ ಕೆರೆ ಮೆಲ್ಲನೆ ಬೆಳಕಿಗೆ ಬರುತ್ತದೆ, ಮತ್ತು ಸೂರ್ಯ ಮೇಲೇರುವ ಹೊತ್ತಿಗೆ ಊರಿನ ಹತ್ತಿ ಕಾರ್ಖಾನೆಗಳ ಚಿಮಣಿಗಳೂ ಶಾಹಿ ಜಾಮಿಯಾ ಮಸೀದಿಯ ಮಿನಾರುಗಳೂ ಒಂದೇ ನೋಟದಲ್ಲಿ ಸಿಗುತ್ತವೆ. ಅಲ್ಲಿಂದ ಮುಂದೆ ಕೋಟೆಯ ಒಳಭಾಗಕ್ಕೆ ಹೋಗಬಯಸುವವರು ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಳ್ಳುವುದು ಒಳ್ಳೆಯದು. ಉರುಳಿದ ಬಾಗಿಲುವಾಡಗಳು, ಕುರುಚಲು ಬೆಳೆದ ಬುರುಜುಗಳು, ಬಂಡೆಯಲ್ಲಿ ಕೆತ್ತಿದ ಜೈನ ತೀರ್ಥಂಕರರ ಮೂರ್ತಿಗಳು ಹಾಗೂ ಬೆಟ್ಟದ ನಡುಮಧ್ಯದಲ್ಲಿ ಎಂದೂ ಬತ್ತದೆಂಬ ಹೆಸರು ಪಡೆದ ಕೊಳ ಈ ದಾರಿಯ ಸಂಪತ್ತು. ಮುತ್ತಿಗೆಯ ಕಾಲದಲ್ಲಿ ಕೋಟೆಯನ್ನು ಉಳಿಸುತ್ತಿದ್ದುದು ಗೋಡೆಗಿಂತ ಹೆಚ್ಚಾಗಿ ನೀರು. ಮಳೆ ಕಡಿಮೆಯಾದ ಈ ನಾಡಿನಲ್ಲಿ ಬಂಡೆಯ ಮೇಲೆ ಬಿದ್ದ ಹನಿಯನ್ನೆಲ್ಲ ಹಿಡಿದಿಟ್ಟ ಆ ಕಾಲದ ಜಾಣ್ಮೆಯನ್ನು ನೋಡುವುದಕ್ಕಾಗಿಯೇ ಈ ಏರು ಹತ್ತಬಹುದು.

ಇತಿಹಾಸವನ್ನು ಸಂಕ್ಷೇಪವಾಗಿ ಹೇಳುವುದಾದರೆ, ವಿಜಯನಗರದ ಗಟ್ಟಿ ನೆಲೆಯಾಗಿದ್ದ ಈ ಕೋಟೆ, ತಾಳಿಕೋಟೆ ಯುದ್ಧದ ಮೂರು ವರ್ಷಗಳ ನಂತರ 1568ರಲ್ಲಿ ಬಿಜಾಪುರದ ಅಲಿ ಆದಿಲಶಾಹನ ವಶವಾಯಿತು. ಹದಿನೇಳನೆಯ ಶತಮಾನದಲ್ಲಿ ಇಲ್ಲಿ ಆಳಿದ ಸಿದ್ದಿ ಮಸೂದ್ ಖಾನನೇ ರಾಘವೇಂದ್ರ ಸ್ವಾಮಿಗಳಿಗೆ ಮಂಚಾಲೆ ಗ್ರಾಮವನ್ನು, ಅಂದರೆ ಇಂದಿನ ಮಂತ್ರಾಲಯವನ್ನು, ಬಿಟ್ಟುಕೊಟ್ಟವನೆಂದೂ, ಗುರುಗಳ ಅನುಗ್ರಹದಿಂದ ಅಕ್ಷರ ಕಲಿತ ವೆಂಕಣ್ಣನು ಇಲ್ಲಿಯ ದಿವಾನನಾದನೆಂದೂ ಮಠದ ಪರಂಪರೆ ಹೇಳುತ್ತದೆ. ಮುಂದೆ ಮೊಗಲರು, ಅವರ ಬಳಿಕ ನಿಜಾಮನ ತಮ್ಮ ಬಸಾಲತ್ ಜಂಗ್, 1786ರಲ್ಲಿ ಟಿಪ್ಪು ಸುಲ್ತಾನನ ಮುತ್ತಿಗೆ, ಕೋಟೆಯ ನಾಶ, 1800ರಲ್ಲಿ ನಿಜಾಮನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ‘ದತ್ತ ಮಂಡಲ’ದೊಳಗೆ ಸೇರ್ಪಡೆ.

ಬೆಟ್ಟದಿಂದ ಇಳಿದವರು ಕೃಷಿ ಮಾರುಕಟ್ಟೆಯ ಪ್ರಾಂಗಣವನ್ನು ನೋಡದೆ ಹೋಗಬಾರದು. ಹತ್ತಿ, ಶೇಂಗಾ, ಔಡಲ ಈ ಮೂರರ ವ್ಯಾಪಾರದಿಂದಲೇ ಆದೋನಿ ಬೆಳೆದಿದ್ದು, ಸುಗ್ಗಿಯ ದಿನಗಳಲ್ಲಿ ಬಿಡಿಸಿದ ಹತ್ತಿಯ ಬೋರಾಗಳು ಗಾಡಿಗಟ್ಟಲೆ ಬಂದಿಳಿಯುತ್ತವೆ. ಹರಾಜಿನಲ್ಲಿ ಬೆಲೆ ತೀರ್ಮಾನವಾದ ಮೇಲೆ ಅವು ಬೀಜದಿಂದ ಅರಳೆಯನ್ನು ಬೇರ್ಪಡಿಸುವ ಜಿನ್ನಿಂಗ್ ಕಾರ್ಖಾನೆಗಳಿಗೆ ಸಾಗುತ್ತವೆ. ಈ ಬೋರಾಗಳನ್ನು ಹೊರುವ ಹಮಾಲರಲ್ಲಿ ಅನೇಕರು ಕೋಸಿಗಿ, ಕೌತಾಳಂ, ಹೊಳಗುಂದಿ ಕಡೆಯ ಹಳ್ಳಿಗಳವರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಮಾರುಕಟ್ಟೆಯ ಸಾಹುಕಾರರೊಂದಿಗೆ ಉರ್ದುವನ್ನೂ ಆಡಬಲ್ಲ ಇಂಥ ಒಬ್ಬ ಹಿರಿಯ ಹಮಾಲ, ಪ್ರತಿ ಶನಿವಾರ ರಣಮಂಡಲಕ್ಕೆ ಏರಿ ಬಂದ ಮೇಲೆಯೇ ಹೆಗಲಿಗೆ ಚೀಲ ಕೊಡುವವರು, ಚಹಾ ಕುಡಿಯುವ ಹೊತ್ತಿನಲ್ಲಿ ಬಿಚ್ಚಿಟ್ಟ ಸಂಗತಿಗಳು ಕೋಟೆಯ ಕಥೆಗಿಂತ ಭಾರವಾಗಿದ್ದವು. ಮಳೆ ಕೈಕೊಟ್ಟ ವರ್ಷ ಅವರ ಊರಿನ ಅರ್ಧಕ್ಕರ್ಧ ಮನೆಗಳಿಗೆ ಬೀಗ ಬೀಳುತ್ತದೆ. ಗಂಡ, ಹೆಂಡತಿ, ಮಕ್ಕಳು, ಕೆಲವೊಮ್ಮೆ ಮೇಕೆಗಳು ಸಹಿತ ಲಾರಿ ಹತ್ತಿ ಗುಂಟೂರು ಸೀಮೆಗೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಹೋಗುತ್ತಾರೆ. ಈ ವಲಸೆಯನ್ನೇ ಅಲ್ಲಿನ ಜನ ‘ಸುಗ್ಗಿಗೆ ಹೋಗುವುದು’ ಎನ್ನುತ್ತಾರೆ. ಹೊಲದ ಬದಿಯ ಗುಡಾರದಲ್ಲಿ ವಾಸ, ಕಿತ್ತ ತೂಕಕ್ಕೆ ತಕ್ಕ ಕೂಲಿ, ಯುಗಾದಿಯ ಹೊತ್ತಿಗೆ ಮರಳುವಿಕೆ. ಮೆಣಸಿನಕಾಯಿಯ ಖಾರ ಕೈಗೆ ಅಂಟಿ, ಕಣ್ಣುಜ್ಜಿಕೊಂಡ ಮಕ್ಕಳು ರಾತ್ರಿಯಿಡೀ ಅಳುವುದನ್ನು ಆ ಹಿರಿಯರು ವಿವರಿಸಿದಾಗ ಅವರ ದನಿಯಲ್ಲಿ ದೂರು ಕಡಿಮೆ, ದಣಿವು ಹೆಚ್ಚು ಇತ್ತು. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಈ ಸೀಮೆಯನ್ನು ಹಾದುಹೋದರೂ ಕೊನೆಯ ಭಾಗದ ಹೊಲಗಳಿಗೆ ನೀರು ತಲುಪುವುದು ಅನಿಶ್ಚಿತವಾಗಿರುವುದೇ ಈ ಅಲೆದಾಟದ ಮೂಲವೆಂಬುದು ಅವರ ತೀರ್ಮಾನ. ತುಂಗಭದ್ರೆಯ ಇಷ್ಟು ಸಮೀಪದಲ್ಲಿದ್ದೂ ಊರು ತೊರೆಯಬೇಕಾದ ಜನರ ಈ ಮಾತನ್ನು ತಳ್ಳಿಹಾಕಲು ಯಾರಿಗೂ ಮನಸ್ಸು ಬಾರದು.

ಇದಕ್ಕೆ ಹೊಂದಿಕೊಂಡ ಇನ್ನೊಂದು ಕೊರಗು ಶಾಲೆಯದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು, ಉಳಿದವು ಮೈಸೂರಿಗೆ ಬಂದವು. ಆ ದಿನದಿಂದ ಆದೋನಿಯ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು, ಅಂದರೆ ರಾಜ್ಯದ ಬಹುಜನರ ಭಾಷೆಗಿಂತ ಬೇರೆ ಮಾತೃಭಾಷೆ ಉಳ್ಳವರು. ಇಂಥವರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ, ಮತ್ತು ಈ ಸೀಮೆಯಲ್ಲಿ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳು ಇಂದಿಗೂ ಇವೆ. ಕರ್ನಾಟಕವೂ ತನ್ನ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳಲ್ಲಿ ಆದೋನಿ, ಆಲೂರು, ರಾಯದುರ್ಗ, ಮಡಕಶಿರಾಗಳನ್ನು ಹೆಸರಿಸಿ ‘ಗಡಿನಾಡು ಕನ್ನಡಿಗ’ ಎಂಬ ಅರ್ಹತೆಯನ್ನು ಮಾನ್ಯ ಮಾಡಿದೆ. ಆದರೆ ನಿವೃತ್ತರಾದ ಕನ್ನಡ ಶಿಕ್ಷಕರ ಜಾಗಕ್ಕೆ ಹೊಸಬರು ಬರುವುದು ತಡವೆಂದೂ, ಕನ್ನಡದ ಪಠ್ಯಪುಸ್ತಕ ಉಳಿದವಕ್ಕಿಂತ ಹಿಂದೆ ಬೀಳುತ್ತದೆಂದೂ, ಸುಗ್ಗಿಗೆ ಹೋಗಿ ಬಂದ ಮಗು ಮತ್ತೆ ತರಗತಿ ಸೇರುವಾಗ ಕನ್ನಡ ವಿಭಾಗದ ಹಾಜರಿಯೇ ಕರಗಿ, ವಿಭಾಗ ಮುಚ್ಚುವ ಮಾತು ಏಳುತ್ತದೆಂದೂ ಪೋಷಕರು ಹೇಳುತ್ತಾರೆ. ಗಡಿಯಾಚೆಯ ಕನ್ನಡವನ್ನು ಕುರಿತು ಭಾಷಣಗಳು ನಡೆಯುವುದು ನವೆಂಬರಿನಲ್ಲಿ. ಸುಗ್ಗಿಯ ವಲಸೆ ಬಿರುಸಾಗುವುದೂ ಆ ತಿಂಗಳ ಆಸುಪಾಸಿನಲ್ಲೇ ಎಂಬುದನ್ನು ನೆನಪಿಡಬೇಕು.

ನಡಿಗೆಗೆ ಇನ್ನಷ್ಟು ಕಾಲಾವಕಾಶ ಉಳ್ಳವರಿಗೆ ಸುತ್ತಲೂ ಎಡೆಗಳಿವೆ. ಹೊಳಗುಂದಿ ಮಂಡಲದ ದೇವರಗಟ್ಟು ಬೆಟ್ಟದ ಮಾಳ ಮಲ್ಲೇಶ್ವರನಲ್ಲಿ ವಿಜಯದಶಮಿಯ ರಾತ್ರಿ ಕೋಲುಗಳಿಂದ ಬಡಿದಾಡುವ ‘ಬನ್ನಿ’ ಉತ್ಸವ ನಡೆಯುತ್ತದೆ. ಪ್ರತಿ ವರ್ಷ ಅನೇಕರು ಗಾಯಗೊಳ್ಳುವುದರಿಂದ ಚಾರಣಿಗರು ಆ ರಾತ್ರಿಯನ್ನು ಬಿಟ್ಟು ಉಳಿದ ದಿನಗಳಲ್ಲಿ ಬೆಟ್ಟ ಏರುವುದು ಲೇಸು. ಕೌತಾಳಂ ಮಂಡಲದ ಉರುಕುಂದಿ ಈರಣ್ಣನ ಜಾತ್ರೆಗೆ ಶ್ರಾವಣದಲ್ಲಿ ರಾಯಚೂರು, ಬಳ್ಳಾರಿಗಳಿಂದ ಜನ ಕಾಲ್ನಡಿಗೆಯಲ್ಲೇ ಬರುತ್ತಾರೆ. ಎಮ್ಮಿಗನೂರಿನಲ್ಲಿ 1938ರಲ್ಲಿ ನೇಕಾರರ ಸಹಕಾರ ಸಂಘವನ್ನು ಕಟ್ಟಿ, 1954ರಲ್ಲಿ ಪದ್ಮಶ್ರೀ ಪಡೆದ ಮಾಚಾನಿ ಸೋಮಪ್ಪನವರ ಹೆಸರು ಈಗಲೂ ಗೌರವದಿಂದ ಕೇಳಿಬರುತ್ತದೆ, ಆದರೆ ಮಗ್ಗದ ಸದ್ದು ಮೊದಲಿನಷ್ಟು ಕೇಳಿಬರುವುದಿಲ್ಲ. ಆದೋನಿಯಲ್ಲಿ ಒಂದು ಕಾಲಕ್ಕೆ ಹೆಸರಾಗಿದ್ದ ಹತ್ತಿ ಜಮಖಾನೆಯ ನೇಯ್ಗೆಯಂತೂ ಹುಡುಕಿದರೂ ಸಿಗುವುದು ದುರ್ಲಭ. ಮಂತ್ರಾಲಯಕ್ಕೆ ಹೋಗಲು ಮಂತ್ರಾಲಯಂ ರೋಡ್ ನಿಲ್ದಾಣದಲ್ಲಿ ಇಳಿಯಬೇಕು. ಆದೋನಿಯಿಂದ ಅಲ್ಲಿಗೆ ರೈಲಿನಲ್ಲಿ ಒಂದು ಗಂಟೆಯೊಳಗಿನ ಪಯಣ, ಮಠದಲ್ಲಿ ಉಚಿತ ಅನ್ನಪ್ರಸಾದವಿದೆ.

ಆದೋನಿಯ ಕೋಟೆಗೆ ಇಂದು ಬೇಕಾಗಿರುವುದು ದೊಡ್ಡ ಯೋಜನೆಯಲ್ಲ: ಏರುವ ದಾರಿಯ ಗುರುತು, ಮೇಲೊಂದು ಕುಡಿಯುವ ನೀರಿನ ತೊಟ್ಟಿ, ಕೊಳಕ್ಕೆ ಪ್ಲಾಸ್ಟಿಕ್ ಬೀಳದಂತೆ ಕಾವಲು, ಮತ್ತು ತೆಲುಗು, ಉರ್ದು, ಇಂಗ್ಲಿಷುಗಳ ಜೊತೆಗೆ ಕನ್ನಡದಲ್ಲಿಯೂ ಬರೆದ ಫಲಕಗಳು. ಇವೆಲ್ಲ ಬರುವವರೆಗೆ ಕಾಯಬೇಕಾಗಿಲ್ಲ. ನವೆಂಬರ್‌ನಿಂದ ಫೆಬ್ರವರಿಯ ಒಳಗೆ, ಒಬ್ಬೊಬ್ಬರಿಗೆ ಮೂರು ಲೀಟರಿನಷ್ಟು ನೀರು ಹಿಡಿದು, ಸೂರ್ಯೋದಯಕ್ಕೆ ಮೊದಲೇ ಮೆಟ್ಟಿಲು ಹತ್ತಿ, ಬಂಡೆ ಕಾಯುವ ಮುನ್ನ ಹತ್ತು ಗಂಟೆಯೊಳಗೆ ಇಳಿಯಬೇಕು. ಲಾಡ್ಜು, ಹೋಟೆಲುಗಳಲ್ಲಿ ಸಂಕೋಚವಿಲ್ಲದೆ ಕನ್ನಡದಲ್ಲೇ ಮಾತು ಆರಂಭಿಸಬಹುದು, ಉತ್ತರವೂ ಬಹುಪಾಲು ಕನ್ನಡದಲ್ಲೇ ಬರುತ್ತದೆ.